ತೂಬಿನ ಬಾಯಿಯ ಹುಲ್ಲು

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಎಂಟರ ಬಸ್ಸು ತಪ್ಪಬಾರದೆಂದು ಆಗಷ್ಟೇ ಗಡಿಯಾರ ನೋಡಿದ್ದೆ, ಅದಕ್ಕೇ ಆ ಹೊತ್ತು ಮೊಳೆ ಹೊಡೆದಂತೆ ನೆನಪಿದೆ. ಕೆರೆ ಏರಿಯ ಮೇಲೆ, ತೂಬಿಗೆ ಎದುರಾಗಿ, ಒಂದು ಬಿಳಿ ತಟ್ಟೆ ಹಿಡಿದು ನಿಂತಿದ್ದೆ. ನೀರಿನಡಿಯಿಂದ ಒಂದು ಹಿಡಿ ಹಸಿರು ಹುಲ್ಲು ಬಿಚ್ಚಿಕೊಳ್ಳುತ್ತ ಮೇಲೆ ಬಂದು ತೇಲಿತು. ನಾನು ಕೇಳಿದ್ದ ಹುಲ್ಲು ಅದು. ಖುಷಿಯಾಯಿತು. ಹುಲ್ಲು ಬಂತು, ಅದನ್ನು ಕಿತ್ತವರು ಬರಲಿಲ್ಲ.

ಕಿತ್ತವರು ನಮ್ಮೂರಿನ ನೀರುಗಂಟಿ. ಕೆರೆಯ ನೀರು ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಹಂಚುವ ಕೆಲಸ ಅವರ ಮನೆತನದ್ದು. ಅವರಿಗೆ ಅರವತ್ತು ದಾಟಿದೆ. ನಮ್ಮ ಕಡೆ ನಾಲೆಯಲ್ಲಿ ನೀರು ದಿನವೂ ಹರಿಯುವುದಿಲ್ಲ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ಕಟ್ಟುತ್ತಾರೆ. ಕಟ್ಟಿದ ದಿನಗಳಲ್ಲಿ ಆತಗೂರು ಸುತ್ತಿನ ನಮ್ಮಂಥ ಸಣ್ಣ ಊರುಗಳ ಭತ್ತಕ್ಕೆ ಕೆರೆಯ ತೂಬೇ ಗತಿ. ತೂಬೆಂದರೆ ಹಳೆಯ ಕಾಲದ್ದು: ನೀರಿನಲ್ಲಿ ಎರಡು ಕಲ್ಲುಕಂಬ, ಮೇಲೊಂದು ಅಡ್ಡಚಪ್ಪಡಿ, ತಳದಲ್ಲಿ ಕಲ್ಲಿನ ಬಾಯಿ, ಆ ಬಾಯಿಗೆ ಮರದ ಬಿರಡೆ. ಬಿರಡೆಗೆ ಉದ್ದನೆಯ ಗಳ ಜೋಡಿಸಿದೆ. ಚಪ್ಪಡಿಯ ಮೇಲೆ ನಿಂತು ಗಳ ಎತ್ತಿದರೆ ಬಾಯಿ ತೆರೆದು, ನೀರು ಏರಿಯ ಕೆಳಗಿನ ಕೊಳವೆಯಲ್ಲಿ ಹಾದು ಆಚೆಯ ಕಾಲುವೆಗೆ ಬೀಳುತ್ತದೆ.

ಬಿರಡೆ ಎತ್ತುವ ಮೊದಲು ನೀರುಗಂಟಿ ಒಂದು ಸಲ ಮುಳುಗಿ ಬಾಯಿಯ ಸುತ್ತ ಸೇರಿಕೊಂಡ ಹುಲ್ಲು ತೆಗೆಯುತ್ತಾರೆ. ಕಿತ್ತ ಹುಲ್ಲು ತೇಲಿ ಬಂದರೆ ಬಾಯಿ ಸ್ವಚ್ಛವಾಯಿತೆಂದು ಲೆಕ್ಕ. ಮೇಲೆ ನಿಂತವನು ಹುಲ್ಲು ಕಂಡ ಕೂಡಲೇ ಗಳಕ್ಕೆ ಕೈ ಹಾಕುತ್ತಾನೆ. ಹಳೆಯ ಬಿರಡೆ ಐದಾರು ಸಲ ಜಗ್ಗದೆ ಅಲುಗುತ್ತಿರಲಿಲ್ಲ, ಅಷ್ಟರಲ್ಲಿ ಮುಳುಗಿದವರು ಮೇಲೆ ಬಂದು ಕಂಬ ಹಿಡಿದು ಕೆಮ್ಮುತ್ತಿರುತ್ತಿದ್ದರು. ನನ್ನ ಅಜ್ಜನ ಕಾಲದಿಂದ ಹೀಗೇ ನಡೆದುಬಂದಿತ್ತು. ಯಾರಿಗೂ ಇದರಲ್ಲಿ ಅಪಾಯ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ.

ಅವತ್ತು ಎರಡು ಸಂಗತಿ ಬೇರೆಯಾಗಿದ್ದವು. ತೂಬಿನ ಕೆಳಗಿನ ಮೊದಲ ಗದ್ದೆಯ ಯಜಮಾನ ಹಿಂದಿನ ವಾರವಷ್ಟೇ ಬಡಗಿಯನ್ನು ಹಿಡಿದು ಹೊಸ ಬಿರಡೆ ಮಾಡಿಸಿ, ಎಣ್ಣೆ ಸವರಿ ಕೂರಿಸಿದ್ದ. ಅವತ್ತು ಚಪ್ಪಡಿಯ ಮೇಲೆ ನಿಂತಿದ್ದವನೂ ಅವನೇ. ಇನ್ನೊಂದು, ನಾನು ನೀರುಗಂಟಿಗೆ ಹೇಳಿದ್ದೆ: "ಮುಳುಗಿದಾಗ ನನಗೊಂದು ಬುಡ ಪಟ್ಟೆಹುಲ್ಲು ಕಿತ್ತುಕೊಡಿ, ಬೇರು ಸಮೇತ. ಮಕ್ಕಳಿಗೆ ತೋರಿಸಬೇಕು."

"ಬೇರಾ? ಬೇರ್ ತಕಂಡ್ ಏನ್ ಸಾರ್ ಮಾಡೀಯವ್ವ?" ಎಂದು ನಕ್ಕು ಅವರು ಮುಳುಗಿದ್ದರು.

ಪಟ್ಟೆಹುಲ್ಲು ಎಂದು ನಮ್ಮೂರಲ್ಲಿ ಕರೆಯುವುದು ಕೆರೆಯ ತಳದಲ್ಲಿ ಬೆಳೆಯುವ, ರಿಬ್ಬನ್ನಿನಂಥ ಉದ್ದೆಲೆಯ ಗಿಡವನ್ನು. ಬೇರೆ ಕಡೆಯವರು ಇದನ್ನೂ ಪಾಚಿ ಎನ್ನುತ್ತಾರೆ. ಪಾಚಿಯಲ್ಲ. ಇದಕ್ಕೆ ಬೇರಿದೆ, ಹೂವಿದೆ, ಕಾಯಿಯಿದೆ. ಹೆಣ್ಣುಹೂವು ದಾರದಂಥ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಏರಿ ಬಾಯಿ ತೆರೆದು ಕಾಯುತ್ತದೆ. ಗಂಡುಹೂವು ಬುಡದಿಂದ ಕಳಚಿ ಧೂಳಿನ ಕಣದಂತೆ ತೇಲಿಕೊಂಡು ಬರುತ್ತದೆ. ಕಾಯಿ ಕಟ್ಟಿದ ಮೇಲೆ ತೊಟ್ಟು ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಅದನ್ನು ಕೆಸರಿಗೆ ಎಳೆದುಕೊಳ್ಳುತ್ತದೆ. ನಾನು ಮದ್ದೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಗೆ ಈ ಸುರುಳಿಯನ್ನು ತೋರಿಸಿದರೆ ಆ ವರ್ಷದ ಪಾಠ ಅರ್ಧ ಮುಗಿದಂತೆ.

ತಟ್ಟೆಯ ಅಭ್ಯಾಸ ಕಲಿತದ್ದು ಮಂಡ್ಯದಲ್ಲಿ ಪದವಿ ಓದುವಾಗ. ಪ್ರಾಣಿಶಾಸ್ತ್ರದವರನ್ನು ತಮಿಳುನಾಡಿನ ಕಡಲತೀರಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಮೊಣಕಾಲುದ್ದದ ಉಪ್ಪುನೀರಿನಲ್ಲಿ ಗದ್ದೆಯಂತೆ ಹಬ್ಬಿದ ಕಡಲಹುಲ್ಲು. ನಮಗೆ ಕಂಡದ್ದು ಬರೀ ಹುಲ್ಲು. ಮೇಷ್ಟ್ರು ಒಂದು ಹಿಡಿಯನ್ನು ಬಿಳಿ ತಟ್ಟೆಯ ನೀರಿನಲ್ಲಿ ಮೆಲ್ಲಗೆ ಅಲುಗಾಡಿಸಿ, "ಈಗ ನೋಡಿ," ಎಂದರು. ಸಾಸಿವೆ ಕಾಳಿನಷ್ಟು ಏಡಿಗಳು, ಗಾಜಿನಂಥ ಸೀಗಡಿಗಳು, ಎಲೆಯ ಮೇಲಿನ ಲೋಳೆಯನ್ನು ಮೇಯುತ್ತಿದ್ದ ಶಂಖದ ಹುಳುಗಳು. ಒಂದೆಲೆಗೆ ಬಾಲ ಸುತ್ತಿಕೊಂಡು, ಉಗುರಿನುದ್ದದ ಕಡಲಕುದುರೆಯ ಮರಿ. ದೊಡ್ಡ ಮೀನು ಬಾಯಿ ಹಾಕಲಾಗದ ಸಂದಿಗಳಲ್ಲಿ ಸಣ್ಣವು ಬೆಳೆದುಕೊಳ್ಳುತ್ತವೆ, ಹುಲ್ಲು ಹೋದರೆ ಮೊದಲು ಇವು ಹೋಗುತ್ತವೆ, ಆಮೇಲೆ ಬಲೆ ಖಾಲಿಯಾಗುತ್ತದೆ ಎಂದರು. ನಮ್ಮ ಕೆರೆಯ ಪಟ್ಟೆಹುಲ್ಲು ಕಡಲಹುಲ್ಲಿನ ಕುಲದ್ದೇ ಎಂದು ಆಮೇಲೆ ಓದಿ ತಿಳಿದೆ. ಒಂದು ಉಪ್ಪುನೀರಿಗೆ ಮದುವೆಯಾಗಿ ಹೋದ ಅಕ್ಕ, ಇನ್ನೊಂದು ಊರಲ್ಲೇ ಉಳಿದ ತಂಗಿ. ಊರಿಗೆ ಬಂದ ದಿನವೇ ಅಮ್ಮನ ತಟ್ಟೆ ಎತ್ತಿಕೊಂಡು ಕೆರೆಗೆ ಹೋಗಿದ್ದೆ. ಕಡಲಕುದುರೆಯೊಂದನ್ನು ಬಿಟ್ಟು ಉಳಿದ ಸಂಸಾರವೆಲ್ಲ ಇಲ್ಲೂ ಇತ್ತು.

ಇಷ್ಟೆಲ್ಲ ಬರೆಯುತ್ತಿರುವುದು ಆ ಬೆಳಿಗ್ಗೆಗೆ ವಾಪಸು ಹೋಗುವುದನ್ನು ಸ್ವಲ್ಪ ಮುಂದೂಡಲು. ಹೋಗಲೇಬೇಕು.

ಹುಲ್ಲು ತೇಲಿತು. ಯಜಮಾನ ಅದನ್ನು ನೋಡಿದ. ಗಳ ಹಿಡಿದು ಜಗ್ಗಿದ. ಹೊಸ ಬಿರಡೆ ಒಂದೇ ಎಳೆತಕ್ಕೆ ಎದ್ದುಬಂತು. ಅವನೇ ಹಿಂದಕ್ಕೆ ವಾಲಿದ. ಏರಿಯ ಆಚೆ ನೀರು ಭೋರೆಂದು ಬಿದ್ದ ಸದ್ದು ಕೇಳಿತು. ಕಂಬದ ಪಕ್ಕದಲ್ಲಿ ತಲೆ ಕಾಣಬೇಕಿತ್ತು. ಕಾಣಲಿಲ್ಲ.

ನಾನು ಬಗ್ಗಿ ನೋಡಿದೆ. ಹುಲ್ಲಿರುವ ಕೆರೆಯ ನೀರು ತಿಳಿಯಾಗಿರುತ್ತದೆ, ಬೇರು ಕೆಸರನ್ನು ಹಿಡಿದಿಟ್ಟುಕೊಳ್ಳುತ್ತದೆ, ಎದ್ದ ಧೂಳು ಎಲೆಗಳ ನಡುವೆ ಇಳಿದುಬಿಡುತ್ತದೆ. ಹಾಗಾಗಿ ಎಲ್ಲ ಕಂಡಿತು. ಅವರು ಎರಡು ಕೈಯಲ್ಲೂ ಕಂಬದ ಬುಡ ತಬ್ಬಿದ್ದರು. ಬಲಗಾಲು ಮೊಣಕಾಲಿನವರೆಗೆ ತೂಬಿನ ಬಾಯಿಯೊಳಗಿತ್ತು. ಸುತ್ತಲಿನ ಹುಲ್ಲೆಲ್ಲ ಬಾಚಣಿಗೆಯಲ್ಲಿ ಬಾಚಿದಂತೆ ಆ ಬಾಯಿಯ ಕಡೆಗೆ ಬಾಗಿತ್ತು.

ಯಜಮಾನನಿಗೂ ಅಷ್ಟರಲ್ಲಿ ಹೊಳೆದಿತ್ತು. ನೀರು ನಿಲ್ಲಿಸಲು ಬಿರಡೆಯನ್ನು ವಾಪಸು ಇಳಿಸಲು ಹೊರಟ.

"ಬಿಡಬೇಡಾ! ಕಾಲು ಒಳಗಿದೆ! ಬಿರಡೆ ಬಿಡಬೇಡಾ!" ಎಂದು ಕಿರುಚಿದೆ. ನನ್ನ ಗಂಟಲಿನಿಂದ ಅಂಥ ಸದ್ದು ಅದಕ್ಕೆ ಮೊದಲು ಬಂದಿರಲಿಲ್ಲ. ಅವನು ಗಳವನ್ನು ಎದೆಗೆ ಅವುಚಿಕೊಂಡು ಕಲ್ಲಾಗಿ ನಿಂತ. ಇನ್ನೊಂದು ಗೇಣು ಇಳಿಸಿದ್ದರೆ ಆ ಮರದ ದಿಮ್ಮಿ ಮೊಣಕಾಲಿನ ಮೇಲೆ ಕೂತಿರುತ್ತಿತ್ತು.

ಆಮೇಲೆ ನಾನೇನು ಮಾಡಿದೆ? ಏನೂ ಇಲ್ಲ. ಮುಳುಗಿ ಎಳೆಯಲು ನನಗೆ ಈಜು ಬರುವುದಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನೋಡುತ್ತಲೇ ನಿಂತಿದ್ದೆ. ಬಾಗಿದ್ದ ಹುಲ್ಲು ಬೇರಿನಿಂದ ಕಿತ್ತು, ಕಂತೆ ಕಂತೆಯಾಗಿ ಅವರ ಕಾಲಿನ ಪಕ್ಕದಿಂದ ಒಳಗೆ ನುಗ್ಗುತ್ತಿತ್ತು. ಇದ್ದಕ್ಕಿದ್ದಂತೆ ಏರಿಯಾಚೆಯ ಭೋರ್ಗರೆತ ಇಳಿಯಿತು. ಗುಳುಗುಳು ಎಂದಿತು. ನಿಂತೇಹೋಯಿತು. ನೀರಿನಡಿಯಲ್ಲಿ ಅವರು ಒಮ್ಮೆ ಮೈ ತಿರುಗಿಸಿದರು, ಕಾಲು ಈಚೆ ಬಂತು. ಮರುಗಳಿಗೆಯಲ್ಲಿ ತಲೆ ನೀರಿನ ಮೇಲಿತ್ತು. ಅವರು ಎಳೆದುಕೊಂಡ ಮೊದಲ ಉಸಿರಿನ ಸದ್ದು, ಹರಿದ ಬಟ್ಟೆಯಂಥ ಆ ಸದ್ದು, ಇವತ್ತಿಗೂ ಕುಕ್ಕರಿನ ಆವಿ ಕೇಳಿದರೆ ನನ್ನ ಕಿವಿಯಲ್ಲಿ ಏಳುತ್ತದೆ.

ಮೀನಖಂಡದ ಚರ್ಮ ಸುಲಿದು ಹೋಗಿತ್ತು. ಯಜಮಾನನೇ ಬೈಕಿನಲ್ಲಿ ಕೂರಿಸಿಕೊಂಡು ಮದ್ದೂರಿನ ಆಸ್ಪತ್ರೆಗೆ ಓಡಿದ. ಹೊಲಿಗೆ ಬಿದ್ದವು. ಮೂಳೆಗೆ ಏನೂ ಆಗಿರಲಿಲ್ಲ. ನಾನು ಎಂಟರ ಬಸ್ಸನ್ನೇ ಹತ್ತಿ ಶಾಲೆಗೆ ಹೋಗಿ ಪಾಠ ಮಾಡಿದೆನಂತೆ. ಯಾವ ಪಾಠವೆಂದು ನೆನಪಿಲ್ಲ.

ಸಂಜೆ ಊರಿಗೆ ಬರುವಷ್ಟರಲ್ಲಿ ತೀರ್ಪಾಗಿತ್ತು. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ಒಂದೇ ಮಾತು ಆಡುತ್ತಿದ್ದರು: ಹುಲ್ಲು ನೀರುಗಂಟಿಯ ಕಾಲಿಗೆ ಸುತ್ತಿಕೊಂಡು ಎಳೆದುಹಾಕಿತು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ಯಜಮಾನ.

"ಇವತ್ತು ಅವ್ರು, ನಾಳೆ ನಮ್ಮನೆ ಎಮ್ಮೆ, ನಾಳಿದ್ದು ನಮ್ ಮಕ್ಳು. ಕಬ್ಬಿನ್ ಗದ್ದೆಗೆ ಒಡೆಯೋ ಕಳೆ ಔಸ್ದಿ ಅದೆ ನಂತಾವ. ಭಾನ್ವಾರ ಸುರ್ದ್ ಬುಡಾನ. ಒಂದ್ ವಾರ್ದಲ್ಲಿ ಕೆರೆ ಕನ್ನಡಿ ಆಯ್ತದೆ," ಎಂದ.

ಕಳೆ ಔಷಧಿ ಸುರಿದರೆ ಕೆರೆ ಕನ್ನಡಿಯಾಗುವುದಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಹುಲ್ಲು ಒಟ್ಟಿಗೆ ಸತ್ತು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿರುವ ಉಸಿರನ್ನೆಲ್ಲ ತಿಂದುಹಾಕುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮೀನುಗಳು ಬಾಯಿ ಮೇಲೆ ಮಾಡಿಕೊಂಡು ನಿಂತಿರುತ್ತವೆ. ಹಿಡಿದಿಡುವ ಬೇರಿಲ್ಲದೆ ಕೆಸರು ಏಳುತ್ತದೆ. ಆ ನೀರನ್ನೇ ಎಮ್ಮೆ ಕುಡಿಯಬೇಕು, ಅದೇ ನೀರು ಭತ್ತದ ಪೈರಿಗೂ ಹೋಗಬೇಕು. ಇಷ್ಟನ್ನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಹೊರಟರೆ ಹುಲ್ಲು ಎಳೆಯಲಿಲ್ಲವಾದರೆ ಮತ್ತೇನಾಯಿತು ಎಂದು ಕೇಳುತ್ತಾರೆ. ಆಗ, ಹುಲ್ಲು ಕೇಳಿದ್ದು ನಾನು, ಅದನ್ನೇ ಸೂಚನೆ ಎಂದುಕೊಂಡು ಬಿರಡೆ ಎತ್ತಿದರು ಎನ್ನಬೇಕಾಗುತ್ತದೆ. ಸುಮ್ಮನೆ ಹಾಲಿನ ಪಾತ್ರೆ ಹಿಡಿದು ಮನೆಗೆ ಬಂದೆ.

ಅವತ್ತಿನಿಂದ ನಿದ್ರೆ ಕೆಟ್ಟಿತು. ಕಣ್ಣು ಮುಚ್ಚಿದರೆ ಹುಲ್ಲು ತೇಲುತ್ತಿತ್ತು. ಪ್ರತಿ ಸಲವೂ ನನಗೆ ಮೊದಲು ಆಗುವುದು ಖುಷಿಯೇ, ಹೆದರಿಕೆ ಆಮೇಲೆ. ಅದೇ ಹಿಂಸೆ. ಅಮ್ಮ ಎರಡು ದಿನ ನೋಡಿ, "ಯಾಕವ್ವ, ಎದ್ದೆದ್ದು ಕುಂತ್ಕತೀಯೆ? ನೀನೇನ್ ಮುಳುಗಿದ್ದಾ?" ಎಂದಳು.

ಗುರುವಾರ ಶಾಲೆಯಿಂದ ಬಂದವಳೇ ನೀರುಗಂಟಿಯ ಮನೆಗೆ ಹೋದೆ. ಅವರು ಜಗಲಿಯ ಮೇಲೆ, ಬುದ್ಧನ ಪಟದ ಕೆಳಗೆ ಗೋಡೆಗೆ ಒರಗಿ, ಕಟ್ಟು ಹಾಕಿದ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡಿದ್ದರು. ಅವರ ಹೆಂಡತಿ ಬಾಗಿಲಲ್ಲಿ ಕೂತು ಮೊರದಲ್ಲಿ ಸೀಗಡಿ ಹಸನು ಮಾಡುತ್ತಿದ್ದರು. ಕೆರೆಯಂಚಿನ ಹುಲ್ಲಿನಲ್ಲಿ ಬಿದಿರಿನ ಕುಕ್ಕೆ ಆಡಿಸಿ ಸೀಗಡಿ ಹಿಡಿದು, ಒಣಗಿಸಿ, ಕಿರುಗಾವಲು ಕಡೆಯಿಂದ ಬರುವ ವ್ಯಾಪಾರದವನಿಗೆ ಕೊಡುವುದು ಅವರ ಕೆಲಸ.

ನಾನು ನಿಂತಲ್ಲೇ ಹೇಳಿದೆ: "ನನ್ನಿಂದ ಆಯಿತು. ನಾನು ಬೇರು ಕೇಳದಿದ್ದರೆ ಆ ಹುಲ್ಲು ಮೊದಲೇ ತೇಲುತ್ತಿರಲಿಲ್ಲ."

ಆಕೆ ಮೊರ ಕೆಳಗಿಟ್ಟರು. "ಕುಂತ್ಕೊ ಮೊದ್ಲು. ನಿಂತ್ಕಂಡ್ ಅಳೋದು ಎಂತದು? ಇವ್ರು ಯೋಳವ್ರೆ ನಂಗೆ, ಗೊತ್ತು."

"ನಂದೂ ತೆಪ್ಪು ಕಣವ್ವ," ಎಂದರು ನೀರುಗಂಟಿ. "ನಿನ್ ಉಲ್ಲು ಕಿತ್ತು ಮೇಲಕ್ ಬಂದು, ಉಸ್ರು ತಕಂಡು, ಆಮ್ಯಾಕೆ ಬಾಯಿ ಕೆಲ್ಸಕ್ ಓಗ್ಬೇಕಿತ್ತು. ಎಲ್ಡೂ ಒಂದೇ ಉಸ್ರಲ್ ಮಾಡಾನ ಅಂದ್ಕಂಡೆ. ಮೇಡಮ್ಮನ್ ಮುಂದೆ ಗತ್ತು."

"ಅರವತ್ ವರ್ಸ್ದ ಗತ್ತು! ಮೀಸೆ ಬೆಳ್ಳಗಾದ್ರೂ ಓಗ್ನಿಲ್ಲ," ಎಂದರು ಆಕೆ.

ನಾನು ಭಾನುವಾರದ ಔಷಧಿಯ ಮಾತು ತೆಗೆದೆ. ಅವರಿಬ್ಬರಿಗೂ ಅದು ಗೊತ್ತಿತ್ತು. ಆಕೆ ಮೊರದ ಸೀಗಡಿಯನ್ನು ಬೆರಳಲ್ಲಿ ಕೆದಕುತ್ತ, "ಉಲ್ಲು ಓದ್ರೆ ಇವು ಎಲ್ಲಿ ಕುಂತ್ಕಂಡಾವವ್ವ? ನಾವ್ ಯೋಳುದ್ರೆ ನಿಮ್ಗೆ ಸೀಗಡಿ ಚಿಂತೆ ಅಂತಾರೆ. ನೀನ್ ಓದಿರೋಳು, ಕಣ್ಣಲ್ ಕಂಡೋಳು. ನೀನ್ ಯೋಳು," ಎಂದರು.

ನೀರುಗಂಟಿ ತಮ್ಮ ಕಾಲನ್ನೇ ನೋಡುತ್ತ ಹೇಳಿದ ಮಾತು ನನ್ನನ್ನು ನೆಟ್ಟಗೆ ಕೂರಿಸಿತು. "ಎಳ್ದಿದ್ದು ನೀರು ಕಣವ್ವ, ಉಲ್ಲಲ್ಲ. ಕೈ ಸೋತೋಗಿತ್ತು. ಇನ್ನೇನ್ ಬುಡ್ತೀನಿ ಅನ್ನೋಗ ಎಳೆತ ನಿಂತೋಯ್ತು. ಯಾಕ್ ನಿಂತೋಯ್ತು ಅಂತ ಈಗ್ಲೂ ಗೊತ್ತಿಲ್ಲ ನಂಗೆ."

ನನಗೆ ಗೊತ್ತಿತ್ತು. ಅವರಿಗೆ ಹೇಳಲಿಲ್ಲ, ಮೊದಲು ನೋಡಿ ಖಾತ್ರಿ ಮಾಡಿಕೊಳ್ಳಬೇಕೆನಿಸಿತು. ಶುಕ್ರವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ, ಏರಿಯಾಚೆಯ ಕಾಲುವೆಗೆ ಇಳಿದೆ. ಬಿರಡೆಯನ್ನು ಅವತ್ತೇ ಮುಚ್ಚಿದ್ದರು. ಆಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಒಂದು ಬಿದಿರ ಗಳಕ್ಕೆ ಕುಡುಗೋಲು ಕಟ್ಟಿ ಕೊಳವೆಯೊಳಗೆ ತೂರಿಸಿ ಎಳೆದೆ. ಮೂರನೆಯ ಸಲಕ್ಕೆ ಹೊರಬಂತು, ಕೂಸಿನ ಗಾತ್ರದ ಹುಲ್ಲಿನ ಉಂಡೆ. ಹೆಣೆದ ಸಿಂಬಿಯಂತೆ ಬಿಗಿಯಾಗಿತ್ತು. ಅಂದರೆ ಹುಲ್ಲು ಅವರ ಕಾಲು ದಾಟಿ ಒಳಗೆ ಹೋಗಿ, ಕೊಳವೆ ಕಿರಿದಾಗುವಲ್ಲಿ ಸಿಕ್ಕಿ ದಾರಿ ಮುಚ್ಚಿತ್ತು. ಒಳಗೆ ನೀರು ತುಂಬಿತು. ಎರಡೂ ಕಡೆಯ ಒತ್ತಡ ಸಮವಾಗಿ ಹೊರಗಿನ ನೀರಿಗೂ ಒಳಗಿನ ನೀರಿಗೂ ಜಗಳ ಮುಗಿಯಿತು, ಎಳೆತ ನಿಂತಿತು. ಅದು ಅವರನ್ನು ಎಳೆದ ಹುಲ್ಲಲ್ಲ. ಬಿಡಿಸಿದ ಹುಲ್ಲು.

ಅವತ್ತು ಸಂಜೆ ಐದೂವರೆಗೆ, ಹಾಲು ಅಳೆಯುವ ಹೊತ್ತಿಗೆ, ಆ ಉಂಡೆಯನ್ನು ಬಕೆಟ್ಟಿನ ನೀರಿನಲ್ಲಿ ಹಾಕಿಕೊಂಡು, ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಡೈರಿಗೆ ಹೋದೆ. ಕ್ಯಾನು ಇಡುವ ಕಟ್ಟೆಯ ಮೇಲೆ ತಟ್ಟೆಯಿಟ್ಟು ಕೆರೆಯ ನೀರು ಸುರಿದೆ.

"ಏನ್ ಟೀಚರಮ್ಮ, ಆಲು ಬ್ಯಾರೆ ಥರ ಕಾಣ್ತದೆ, ಫ್ಯಾಟು ಎಷ್ಟ್ ಬತ್ತದೆ?" ಎಂದು ಯಾರೋ ಕೇಳಿದರು. ನಕ್ಕರು.

ನಾನು ನಗಲಿಲ್ಲ. ಶುರುಮಾಡಿದರೆ ನಿಲ್ಲಿಸಬಾರದೆಂದು ತೀರ್ಮಾನಿಸಿಕೊಂಡು ಬಂದಿದ್ದೆ. ಏಳು ಗಂಟೆ ಹತ್ತು ನಿಮಿಷದಿಂದ ಹಿಡಿದು ಎಲ್ಲ ಹೇಳಿದೆ. ಬೇರು ಕೇಳಿದ್ದು ನಾನು. ತೇಲಿದ್ದು ಬಾಯಿಯ ಹುಲ್ಲಲ್ಲ, ನನ್ನ ತಟ್ಟೆಯ ಹುಲ್ಲು. ನೀರು ತಿಳಿಯಾಗಿದ್ದರಿಂದ ಒಳಗೆ ಸಿಕ್ಕಿದ ಕಾಲು ಕಂಡಿತು. ಕೆಸರುನೀರಾಗಿದ್ದರೆ ಬಿರಡೆ ಕಾಲಿನ ಮೇಲೆ ಇಳಿದಿರುತ್ತಿತ್ತು. ಉಂಡೆಯನ್ನು ಎತ್ತಿ ತೋರಿಸಿ, ಅದು ಎಲ್ಲಿ ಸಿಕ್ಕಿತೆಂದು ಹೇಳಿದೆ. ಯಜಮಾನನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಚಪ್ಪಡಿಯ ಮೇಲೆ ಯಾರಿದ್ದರೆಂದು ಊರಿಗೇ ಗೊತ್ತು.

ಆಮೇಲೆ ಉಂಡೆಯ ಹುಲ್ಲನ್ನು ಬಿಡಿಸಿ ತಟ್ಟೆಯಲ್ಲಿ ಅಲುಗಾಡಿಸಿದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ತಟ್ಟೆ ಕದಲಿತು. ನಾಲ್ಕು ದಿನ ಕೊಳವೆಯ ಕತ್ತಲೆಯಲ್ಲಿದ್ದೂ ಬದುಕಿದ್ದ ಸೀಗಡಿಗಳು ಹಿಂದಕ್ಕೆ ಹಿಂದಕ್ಕೆ ಜಿಗಿದವು. ಕಾಳುಮೆಣಸಿನಷ್ಟು ಬಸವನಹುಳುಗಳು. ಆರು ಕಾಲಿನ, ಕಂದು ಬಣ್ಣದ, ಮುಖ ಸಿಂಡರಿಸಿಕೊಂಡಂಥ ಒಂದು ಹುಳು.

"ಥೂ, ಇದ್ಯಾವ್ ಮುಖ ಕಣ್ಲಾ ಇದು!" ಎಂದ ಒಬ್ಬ.

"ಏರೋಪ್ಲೇನ್ ಚಿಟ್ಟೆಯ ಮರಿ," ಎಂದೆ. "ರೆಕ್ಕೆ ಬರೋವರೆಗೂ ನೀರಲ್ಲೇ ಇರುತ್ತೆ. ಇಲ್ಲಿರೋಷ್ಟು ದಿನ ಸೊಳ್ಳೆ ಮರಿ ತಿನ್ನುತ್ತೆ. ಔಷಧಿ ಬಿದ್ದರೆ ಇದರ ಆಟ ಮುಗೀತು. ಸೊಳ್ಳೆ ಹೇಗಾದರೂ ವಾಪಸು ಬರುತ್ತೆ, ಇದು ಬರೋದಿಲ್ಲ."

ಒಂದೆಲೆಯ ಹಿಂಬದಿಯಲ್ಲಿ ಮೀನಿನ ಮೊಟ್ಟೆಗಳು ರವೆಯಂತೆ ಅಂಟಿದ್ದವು. ಒಂದೊಂದರ ಒಳಗೂ ಎರಡು ಕಪ್ಪು ಚುಕ್ಕೆ, ಕಣ್ಣುಗಳು. ಹಾಲಿನ ಸಾಲು ಕಲಸಿಹೋಯಿತು. ಎಲ್ಲರೂ ತಟ್ಟೆಯ ಮೇಲೆ ಬಗ್ಗಿದರು.

ಯಜಮಾನ ಬಗ್ಗಲಿಲ್ಲ. ಕ್ಯಾನಿನ ಮುಚ್ಚಳ ತಿರುಗಿಸುತ್ತ ನಿಂತಿದ್ದ. "ಉಲ್ಲು ಕಂಡೆ, ಜಗ್ಗುದೆ," ಎಂದ. ಯಾರನ್ನೂ ನೋಡಲಿಲ್ಲ. "ನಮ್ಮಪ್ಪನೂ ಅಂಗೇ ಜಗ್ತಿದ್ದ. ತಲೆ ಕಾಣ್ಲಿ ಅಂತ ಕಾಯ್ನಿಲ್ಲ ನಾನು. ಬಿರಡೆ ನುಣ್ಣಗದೆ ಅನ್ನೋದು ಗೊತ್ತಿದ್ದು ನಂಗೊಬ್ನಿಗೇಯ." ಮುಚ್ಚಳವನ್ನು ಕಟ್ಟೆಯ ಮೇಲಿಟ್ಟ. "ನಾಕ್ ದಿನದಿಂದ ಊಟ ಸೇರ್ತಿಲ್ಲ."

ಅವನೂ ಏಳು ಹತ್ತರಲ್ಲೇ ನಿಂತುಹೋಗಿದ್ದನೆಂದು ಆಗ ತಿಳಿಯಿತು. ಹುಲ್ಲಿನ ಮೇಲಿನ ಅವನ ಸಿಟ್ಟು ಹುಲ್ಲಿನ ಮೇಲಿನದ್ದಾಗಿರಲಿಲ್ಲ. ಔಷಧಿಯ ಡಬ್ಬಗಳು ಭಾನುವಾರವೂ ಅವನ ಕೊಟ್ಟಿಗೆಯಲ್ಲೇ ಉಳಿದವು. ಆಮೇಲೆ ಕಬ್ಬಿನ ಗದ್ದೆಗೆ ಹೋದವು.

ತೂಬು ತೆಗೆಯುವ ಕ್ರಮವನ್ನು ನೀರುಗಂಟಿಯೇ ಬದಲಿಸಿದರು. ಮುಳುಗುವ ಮೊದಲು ತಮ್ಮ ಕೆಂಪು ವಲ್ಲಿಯನ್ನು, ಹೆಗಲ ಮೇಲಿನ ಆ ಹಳೆಯ ಬಟ್ಟೆಯನ್ನು, ಬಿರಡೆಯ ಗಳಕ್ಕೂ ಕಂಬಕ್ಕೂ ಸೇರಿಸಿ ಗಂಟು ಹಾಕುತ್ತಾರೆ. ಗಂಟು ಬಿಚ್ಚುವವರು ಅವರೇ, ನೀರಿನಿಂದ ಮೇಲೆ ಹತ್ತಿ ಬಂದ ಮೇಲೆ. ಎಷ್ಟು ಹುಲ್ಲು ತೇಲಿದರೂ ಅದು ಬರೀ ಹುಲ್ಲು.

ಹೊಲಿಗೆ ಬಿಚ್ಚಿ, ಗಾಯ ಒಣಗಿ, ನಾಲೆಯ ನೀರನ್ನು ಮತ್ತೆ ಕಟ್ಟಿದ ವಾರ ತೂಬು ತೆಗೆಯುವ ದಿನ ಬಂತು. ಅಷ್ಟು ದಿನವೂ ನನ್ನ ನಿದ್ರೆ ತುಂಡು ತುಂಡಾಗಿಯೇ ಇತ್ತು. ಹೋಗಬಾರದೆಂದುಕೊಂಡೇ ಹೋದೆ, ತಟ್ಟೆಯನ್ನು ಮನೆಯಲ್ಲಿಟ್ಟು. ಹುಲ್ಲು ಕಿತ್ತುಹೋಗಿದ್ದ ಜಾಗದಲ್ಲಿ ಹೊಸ ಎಲೆಗಳು ಬೆರಳುದ್ದ ಎದ್ದಿದ್ದವು. ಯಜಮಾನ ಚಪ್ಪಡಿಯ ಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

ನೀರುಗಂಟಿ ಗಂಟು ಹಾಕಿ, ನನ್ನನ್ನು ನೋಡಿದರು. "ತಟ್ಟೆ ಎಲ್ಲವ್ವ?"

"ಇವತ್ತು ಬೇಡ."

"ಬ್ಯಾಡ ಅಂದ್ರೆ? ಉಲ್ಲು ಕಿತ್ತ್ ಕೊಡ್ತೀನಿ. ಎಲ್ಡ್ ಸಲ ಮುಳುಗ್ತೀನಿ, ಗತ್ತಿಲ್ಲ," ಎಂದು ಮುಳುಗಿದರು.

ಹುಲ್ಲು ತೇಲಿತು. ಯಜಮಾನ ಅಲುಗಲಿಲ್ಲ. ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ತಲೆ ಮೇಲೆ ಬಂತು. ನೀರುಗಂಟಿ ಬೇರು ಸಮೇತ ಒಂದು ಬುಡವನ್ನು ಏರಿಯ ಕಡೆಗೆ ಎಸೆದರು, ಉಸಿರು ತೆಗೆದುಕೊಂಡು ಇನ್ನೊಮ್ಮೆ ಮುಳುಗಿದರು. ಮತ್ತೆ ಹುಲ್ಲು. ಮತ್ತೆ ತಲೆ. ಕಂಬ ಹಿಡಿದು ಕೆಮ್ಮುತ್ತ, ಚಪ್ಪಡಿ ಹತ್ತಿ, ನಿಧಾನವಾಗಿ ವಲ್ಲಿಯ ಗಂಟು ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡರು.

"ಈಗ ಜಗ್ಗಪ್ಪ," ಎಂದರು.

ಏರಿಯಾಚೆ ನೀರು ಭೋರೆಂದು ಬಿತ್ತು. ನಾನು ಹುಲ್ಲಿನ ಬುಡವನ್ನು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿಟ್ಟುಕೊಂಡು ಬಸ್ಸಿಗೆ ಓಡಿದೆ. ಮಧ್ಯಾಹ್ನ ಎಂಟನೇ ತರಗತಿಯ ಮಕ್ಕಳು ಆ ಸುರುಳಿಯನ್ನು ಎಳೆದೆಳೆದು ಬಿಟ್ಟರು. ಮಾರನೆಯ ಬೆಳಿಗ್ಗೆ ಅಮ್ಮ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಕಿಟಕಿಯಲ್ಲಿ ಬಿಸಿಲು ಬಂದಾಗಿತ್ತು. ಎಂಟರ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.